ನಿಷ್ಕಾಮಿಗೂ ಸಂಗ ಬೇಕು

ಫಲಾಪೇಕ್ಷೆಯಿಲ್ಲದೆ ಕರ್ಮವನ್ನಾಚರಿಸಬೇಕೆಂಬ ಉಪದೇಶವು ನಮ್ಮ ದೇಶದಲ್ಲಿ ಎಷ್ಟು ಪುರಾತನವೋ ಅಷ್ಟೇ ಸುಪರಿಚಿತವಾದುದು. ಹರಿಕಥೆಯ ಚಪ್ಪರದಿಂದ ಮೊದಲುಗೊಂಡು ಶಾಲೆಯ ಬೀಳ್ಕೊಡುಗೆಯ ಸಮಾರಂಭದವರೆಗೆ ಅದು ಕೇಳಿಬಾರದ ಸಭೆಯೇ ಇಲ್ಲವೆನ್ನಬಹುದು. ಆದರೆ ಆ ಉಪದೇಶವನ್ನು ಯಾರು ಯಾರಿಗೆ ಮಾಡಬಹುದು, ಕರ್ಮಿಯು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತನ್ನು ಅವನ ಕರ್ಮದ ಫಲವನ್ನುಣ್ಣುವವರು ಅವನಿಗೆ ಹೇಳಿದಾಗ ಅದು ಧರ್ಮವಾಗಿಯೇ ಉಳಿಯುವುದೆ, ಎಂಬುದನ್ನು ನಾವು ಅಷ್ಟು ಶ್ರದ್ಧೆಯಿಂದ ವಿಚಾರಮಾಡಿದಂತೆ ಕಾಣುವುದಿಲ್ಲ. ವೇತನವಿಲ್ಲದೆ, ಅಧಿಕಾರವಿಲ್ಲದೆ, ಬಹುಮಟ್ಟಿಗೆ ಹೆಸರೂ ಇಲ್ಲದೆ ತನ್ನ ವೃತ್ತಿಬಾಂಧವರ ಹಿತಕ್ಕಾಗಿ ದುಡಿಯುವವನೊಬ್ಬನಿಗೆ ಆ ಬಾಂಧವರು ಏನನ್ನು ಸಲ್ಲಿಸಬೇಕು, ಮತ್ತು ಇಂದು ಎಲ್ಲರ ಕೈಯಲ್ಲಿಯೂ ಇರುವ ಮೊಬೈಲಿನ ಮೂಲಕ ಸಾಧ್ಯವಾಗಿರುವ ದೂರದ ಒಡನಾಟವು ಆ ಋಣವನ್ನು ತೀರಿಸುವುದಕ್ಕೆ ತಕ್ಕ ಸಾಧನವೆ, ಎಂಬುದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಇದು ಯಂತ್ರಕ್ಕೆ ಸಂಬಂಧಿಸಿದ ಪ್ರಶ್ನೆಯಂತೆ ತೋರಿದರೂ ಮೂಲದಲ್ಲಿ ಧರ್ಮದ ಪ್ರಶ್ನೆ.

ತುಮಕೂರು ಜಿಲ್ಲೆಯ ೧೦ ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ವಿದ್ಯಾಭ್ಯಾಸದ ಆಡಳಿತದಲ್ಲಿ ಬೇರೆಯೇ ಒಂದು ಜಿಲ್ಲೆಯೆನಿಸಿವೆ, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ದಿನ ಪತ್ರಿಕೆಗಳಲ್ಲಿ ತುಮಕೂರಿನ ಹೆಸರಿನೊಡನೆ ಮಧುಗಿರಿಯ ಹೆಸರೂ ಪ್ರತ್ಯೇಕವಾಗಿ ಅಚ್ಚಾಗುವುದು ಇದೇ ಕಾರಣದಿಂದ. ಆಡಳಿತದ ನಕ್ಷೆಯಲ್ಲಿ ಒಂದಾಗಿರುವ ಈ ಸೀಮೆ ಭೂಮಿಯ ಮೇಲೆ ಮಾತ್ರ ಅಷ್ಟು ಸುಲಭವಾಗಿ ಒಂದಾಗತಕ್ಕುದಲ್ಲ. ಒಂದೇ ಶಿಲೆಯಾಗಿ ಎದ್ದುನಿಂತ ಮಧುಗಿರಿಯ ಬೆಟ್ಟ, ಕೊರಟಗೆರೆಯ ಕಡೆಯ ಸಿದ್ಧರಬೆಟ್ಟದ ಸಾಲು, ಶಿರಾದ ಬಯಲು ಮತ್ತು ಅಲ್ಲಲ್ಲಿ ಚದರಿದ ಗೊಲ್ಲರಹಟ್ಟಿಗಳು, ಇವೆಲ್ಲವನ್ನೂ ದಾಟಿ ಉತ್ತರಕ್ಕೆ ಹೋದರೆ, ಮೂರು ಕಡೆಗೂ ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡ. ಜಿಲ್ಲೆಯ ಮುಖ್ಯ ಪಟ್ಟಣದಿಂದ ಅದು ಸುಮಾರು ೧೦೦ ಕಿಲೋಮೀಟರು ದೂರ. ಮನೆಯಲ್ಲಿ ತೆಲುಗನ್ನಾಡುವ ಮಕ್ಕಳು ಶಾಲೆಗೆ ಬಂದು ಕನ್ನಡದಲ್ಲಿ ಅಕ್ಷರಾಭ್ಯಾಸ ಮಾಡುವ ಊರುಗಳು ಅಲ್ಲಿ ಅನೇಕವಿವೆ. ಮಳೆ ಕಡಮೆ, ಅಂತರ್ಜಲದಲ್ಲಿ ಫ್ಲೋರೈಡು, ಕಡಲೆಕಾಯಿಯ ಬೆಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು. ಈಚೆಗೆ, ೨೦೧೮ರಿಂದ, ತಿರುಮಣಿಯ ಸುತ್ತಿನ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳು ಹಾಸಿಕೊಂಡಿವೆ.

ಇಂತಹ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತಕ್ಕೆ ಸಾಮಾನ್ಯವಾಗಿ ಒಬ್ಬರೇ ಉಪಾಧ್ಯಾಯರು. ವಿಜ್ಞಾನಕ್ಕೆ ಇನ್ನೊಬ್ಬರು, ಸಮಾಜವಿಜ್ಞಾನಕ್ಕೆ ಮತ್ತೊಬ್ಬರು. ಪಾಠ ಮಾಡುವಾಗ ಎದುರಾದ ತೊಡಕನ್ನು ತಿಳಿಯಬಲ್ಲ ಸಮಾನವಿದ್ಯರು ಅದೇ ಕಟ್ಟಡದಲ್ಲಿಲ್ಲ. ಅವರಿರುವುದು ಎಷ್ಟೋ ಹರದಾರಿಯಾಚೆಯ ಇನ್ನೊಂದು ಊರಿನಲ್ಲಿ. ವರ್ಷಕ್ಕೊಮ್ಮೆ ಉತ್ತರಪತ್ರಿಕೆಗಳ ಮೌಲ್ಯಮಾಪನ ಕೇಂದ್ರದಲ್ಲಿ ಒಂದೇ ವಿಷಯದವರು ಒಂದೆಡೆ ಕೂಡುತ್ತಾರೆಂಬುದು ನಿಜ, ಆದರೆ ಅಲ್ಲಿ ಕಟ್ಟುಗಳ ಎಣಿಕೆಯ ನಡುವೆ ಮನಸ್ಸನ್ನು ತೋಡಿಕೊಳ್ಳಲು ವಿರಾಮವಿರುವುದಿಲ್ಲ. ಈ ಏಕಾಂತವನ್ನು ಭೇದಿಸುವುದಕ್ಕಾಗಿ ತಾಲ್ಲೂಕಿಗೊಬ್ಬಿಬ್ಬರು ಸ್ವಂತ ಇಚ್ಛೆಯಿಂದ ಮುಂದೆ ಬರುತ್ತಾರೆ. ವಿಷಯ ವೇದಿಕೆಯ ಸಂಚಾಲಕರೆಂದೋ, ಸಂಪನ್ಮೂಲ ವ್ಯಕ್ತಿಗಳೆಂದೋ, ಸಂಘದ ಕಾರ್ಯದರ್ಶಿಗಳೆಂದೋ ಅವರನ್ನು ಕರೆಯುವುದುಂಟು. ೧೯೮೦ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕಾರ್ಯವು ಹಳ್ಳಿಹಳ್ಳಿಗೆ ತಲುಪಿದ್ದು ಇಂಥವರಿಂದಲೇ. ೧೯೧೫ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳನ್ನು ನಡೆಸಿಕೊಂಡು ಬಂದವರಲ್ಲಿಯೂ ಶಾಲಾ ಉಪಾಧ್ಯಾಯರ ಸಂಖ್ಯೆ ಅಲ್ಪವಲ್ಲ. ತಮ್ಮ ಶಾಲೆಯ ಪಾಠವನ್ನು ಮುಗಿಸಿದ ಮೇಲೆ, ಭಾನುವಾರದ ವಿಶ್ರಾಂತಿಯನ್ನು ತೊರೆದು, ಬಸ್ಸಿನ ಚಾರ್ಜನ್ನು ಅನೇಕ ವೇಳೆ ಕೈಯಿಂದಲೇ ಕೊಟ್ಟು, ಸಭೆ ಕರೆದು, ಪ್ರಶ್ನೆಪತ್ರಿಕೆ ಸಿದ್ಧಪಡಿಸಿ, ಹೊಸದಾಗಿ ಸೇರಿದವರಿಗೆ ದಾರಿ ತೋರಿ, ಎಲ್ಲರ ದೂರನ್ನೂ ಕೇಳಿಸಿಕೊಳ್ಳುವವರು ಇವರು.

ಇವರ ಬಳಲಿಕೆಯನ್ನು ಕಂಡಾಗ ಸಮಾಜವು ಕೊಡುವ ಉತ್ತರವು ಬಹುಕಾಲದಿಂದ ಒಂದೇ ಆಗಿದೆ: ಸೇವೆಯೇ ಸೇವೆಯ ಫಲ, ಪುಣ್ಯಕಾರ್ಯದಲ್ಲಿ ಪ್ರತಿಫಲದ ಮಾತೇಕೆ, ಎಂದು. ಕೇಳಲು ಮಧುರವಾದ ಈ ಉತ್ತರದಲ್ಲಿ ಒಂದು ಅನ್ಯಾಯ ಅಡಗಿದೆಯೆಂದು ನನ್ನ ದೃಢವಾದ ಅಭಿಪ್ರಾಯ. ನಿಷ್ಕಾಮತೆಯೆಂಬುದು ಒಂದು ವ್ರತ. ವ್ರತವು ಅದನ್ನು ಹಿಡಿದವನನ್ನು ಮಾತ್ರ ಬಂಧಿಸತಕ್ಕುದು. ಏಕಾದಶಿಯಂದು ಉಪವಾಸವಿರುವೆನೆಂದು ಒಬ್ಬನು ಸಂಕಲ್ಪ ಮಾಡಿದರೆ ಅದು ಅವನ ಶ್ರೇಯಸ್ಸಿಗೆ ಕಾರಣವಾದೀತು. ಅವನ ಮನೆಯವರು ಆ ಸಂಕಲ್ಪವನ್ನು ನೆಪಮಾಡಿಕೊಂಡು ದ್ವಾದಶಿಯ ಬೆಳಗ್ಗೆಯೂ ಅವನಿಗೆ ಎಲೆ ಹಾಕದಿದ್ದರೆ ಅದನ್ನು ಯಾರೂ ಧರ್ಮವೆಂದು ಹೇಳಲಾರರು. ಕರ್ತೃವು ಫಲವನ್ನು ಬಯಸದಿರುವುದು ಅವನ ಗುಣ. ಭೋಕ್ತೃಗಳು ಕರ್ತೃವಿಗೆ ಏನನ್ನೂ ಸಲ್ಲಿಸದಿರುವುದು ಅವರ ದೋಷ. ಮೊದಲನೆಯದರಿಂದ ಎರಡನೆಯದಕ್ಕೆ ಸಮರ್ಥನೆ ಹುಟ್ಟುವುದಿಲ್ಲ.

ಗೀತೆಯ ಸಂದರ್ಭವನ್ನೇ ನೋಡಬಹುದು. ಫಲದಲ್ಲಿ ಆಸಕ್ತಿಯನ್ನು ತೊರೆಯೆಂದು ಅರ್ಜುನನಿಗೆ ಬೋಧಿಸಿದವನು ದೂರದ ದ್ವಾರಕೆಯಲ್ಲಿ ಕುಳಿತು ಸಂದೇಶ ಕಳುಹಿಸಿದವನಲ್ಲ. ಅದೇ ರಥದ ಮುಂಭಾಗದಲ್ಲಿ ಕುದುರೆಗಳ ವಾಘೆಯನ್ನು ಹಿಡಿದು ಕುಳಿತಿದ್ದವನು. ಶತ್ರುವಿನ ಬಾಣಕ್ಕೆ ಮೊದಲು ಎದೆಯೊಡ್ಡಬೇಕಾದ ಸ್ಥಾನ ಸಾರಥಿಯದು. ನಿಷ್ಕಾಮಕರ್ಮವನ್ನು ಉಪದೇಶಿಸುವ ಅಧಿಕಾರವು ಆತನಿಗೆ ಈಶ್ವರತ್ವದಿಂದ ಬಂದುದೆಂದು ಭಕ್ತರು ತಿಳಿಯುತ್ತಾರೆ. ಸಾರಥ್ಯದಿಂದಲೂ ಬಂದುದೆಂದು ತಿಳಿದರೆ ಗೀತೆಗೆ ಕುಂದಾಗಲಾರದೆಂದು ನಾನು ನಂಬುತ್ತೇನೆ. ಮೂರನೆಯ ಅಧ್ಯಾಯದಲ್ಲಿ ಬರುವ ಲೋಕಸಂಗ್ರಹದ ವಿಚಾರವೂ, ಜ್ಞಾನಿಯಾದವನು ಜನರನ್ನು ಒಟ್ಟಿಗೆ ಹಿಡಿದು ನಡೆಸುವುದಕ್ಕಾಗಿ ಕರ್ಮಮಾಡಬೇಕೆಂಬುದು, ಒಂಟಿಯ ತಪಸ್ಸನ್ನು ಕುರಿತ ಮಾತಲ್ಲವಷ್ಟೆ.

ನಮ್ಮ ಪೂರ್ವಿಕರು ಈ ವಿವೇಕವನ್ನು ಗ್ರಂಥದಲ್ಲಿ ಮಾತ್ರ ಇಟ್ಟುಕೊಳ್ಳದೆ ವ್ಯವಹಾರಕ್ಕೂ ತಂದಿದ್ದರೆಂಬುದಕ್ಕೆ ಕನ್ನಡ ನಾಡಿನ ಶಾಸನಗಳು ಸಾಕ್ಷಿ. ಕೆರೆಯನ್ನು ಕಟ್ಟಿಸಿದುದು ಪುಣ್ಯವೆಂದು ಬರೆದು ಸುಮ್ಮನಾಗದೆ, ಕಟ್ಟಿದ ಕೆರೆಯನ್ನು ಕಾಯುವವನಿಗೆ, ಏರಿಯ ಬಿರುಕನ್ನು ಮುಚ್ಚುವವನಿಗೆ, ಹೂಳೆತ್ತುವ ಬಂಡಿಗೆ ಎಂದು ಭೂಮಿಯನ್ನು ಬಿಟ್ಟ ಪದ್ಧತಿಯುಂಟು; ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳು ಶಾಸನಗಳನ್ನು ಓದುವವರಿಗೆ ಹೊಸವಲ್ಲ. ೧೯೦೪ರಲ್ಲಿ ಬಿ. ಎಲ್. ರೈಸರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ೧೨ನೆಯ ಸಂಪುಟವಾಗಿ ಪ್ರಕಟಿಸಿದಂದಿನಿಂದ ಈ ಸೀಮೆಯ ಕಲ್ಲಿನ ಬರಹಗಳೂ ವಿದ್ವಾಂಸರ ಕೈಗೆ ದೊರೆತಿವೆ. ಸಾರ್ವಜನಿಕ ಹಿತವನ್ನು ಹೊತ್ತವನ ಹೊಣೆಯಲ್ಲಿ ಸಾರ್ವಜನಿಕರಿಗೂ ಒಂದು ಪಾಲಿದೆಯೆಂಬುದು ಆ ದಾನಗಳ ಹಿಂದಿನ ತತ್ತ್ವ. ನಮ್ಮ ಕಾಲದಲ್ಲಿಯೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. ೨೦೧೯ರಲ್ಲಿ ಅವರು ಲಿಂಗೈಕ್ಯರಾದಾಗ ನಾಡೇ ಅವರನ್ನು ನೆನೆಯಿತು. ಆ ದಾಸೋಹದ ಒಲೆ ಆರದಂತೆ ಸುಗ್ಗಿಯ ಕಾಲದಲ್ಲಿ ಹಳ್ಳಿಗಳಿಂದ ರಾಗಿಯ ಚೀಲಗಳು ಮಠಕ್ಕೆ ಹೋಗುತ್ತಿದ್ದುವೆಂಬುದನ್ನು ಮರೆತರೆ ಸ್ವಾಮಿಗಳ ಮಹಿಮೆಯನ್ನು ನಾವು ಅರ್ಧ ಮಾತ್ರ ತಿಳಿದಂತೆ.

ಹಾಗಾದರೆ ಸ್ವಯಂಸೇವೆಯ ಮುಂದಾಳಿಗೆ ಸಲ್ಲಬೇಕಾದುದೇನು? ಹಣವೆಂದರೆ ಅವನೇ ಒಪ್ಪುವುದಿಲ್ಲ. ಒಪ್ಪಿದರೆ ಅವನ ಕೆಲಸದ ಸ್ವರೂಪವೇ ಬೇರೆಯಾದೀತು. ಸನ್ಮಾನವೆಂದರೆ ಶಾಲು, ಹಾರ, ಒಂದು ಗಂಟೆಯ ಭಾಷಣ. ಮರುದಿನ ಕೆಲಸವು ಮೊದಲಿನಂತೆಯೇ ಅವನೊಬ್ಬನ ಹೆಗಲ ಮೇಲೆ. ಅವನಿಗೆ ಬೇಕಾದುದು ಸಂಗ. ಭಾರವನ್ನು ಅರಿತ, ಅರಿತುದರಿಂದ ಅದಕ್ಕೆ ಕೈಕೊಡಬಲ್ಲ ಸಮಾನರ ಸಂಗ. ಆನಂದನು ಒಮ್ಮೆ ಬುದ್ಧನ ಬಳಿಗೆ ಹೋಗಿ, ಕಲ್ಯಾಣಮಿತ್ರರ ಒಡನಾಟವು ಬ್ರಹ್ಮಚರ್ಯೆಯ ಅರ್ಧಭಾಗವೆಂದು ತನಗೆ ತೋರುತ್ತದೆಂದು ಹೇಳಿದಾಗ, ಬುದ್ಧನು ಅವನನ್ನು ತಡೆದು, ಹಾಗೆನ್ನಬೇಡ, ಅದು ಪೂರ್ಣವೇ ಎಂಬರ್ಥದ ಉತ್ತರವನ್ನು ಕೊಟ್ಟನಂತೆ. ಸರ್ವವನ್ನೂ ತೊರೆದವನಿಗೂ ತೊರೆಯಬಾರದ ಒಂದು ವಸ್ತುವಿದೆ ಎಂದಾಯಿತು.

ಇದೇ ಪರಂಪರೆಯ ವಿನಯಗ್ರಂಥದಲ್ಲಿ ಬರುವ ಇನ್ನೊಂದು ವೃತ್ತಾಂತವು ನಮ್ಮ ವಿಚಾರಕ್ಕೆ ಇನ್ನೂ ಹತ್ತಿರವಾದುದು. ಮಧ್ಯದೇಶದಿಂದ ಬಹುದೂರವಾದ ಅವಂತಿಯಲ್ಲಿ ಮಹಾಕಾತ್ಯಾಯನನೆಂಬ ಸ್ಥವಿರನಿದ್ದನು. ಸೋಣ ಕುಟಿಕಣ್ಣನೆಂಬ ಗೃಹಸ್ಥನು ಭಿಕ್ಷುವಾಗಬೇಕೆಂದು ಅವನನ್ನು ಆಶ್ರಯಿಸಿದನು. ಉಪಸಂಪದೆಗೆ, ಎಂದರೆ ಭಿಕ್ಷುವಿನ ಪೂರ್ಣದೀಕ್ಷೆಗೆ, ಹತ್ತು ಮಂದಿ ಭಿಕ್ಷುಗಳ ಸಂಘ ಕೂಡಬೇಕೆಂಬುದು ಆಗಿನ ನಿಯಮ. ಭಿಕ್ಷುಗಳೇ ವಿರಳವಾದ ಆ ಸೀಮೆಯಲ್ಲಿ ಹತ್ತು ಮಂದಿಯನ್ನು ಅಲ್ಲಿಂದ ಇಲ್ಲಿಂದ ಕೂಡಿಸುವಷ್ಟರಲ್ಲಿ ೩ ವರ್ಷಗಳು ಕಳೆದುವಂತೆ. ಮುಂದೆ ಸೋಣನು ಶ್ರಾವಸ್ತಿಗೆ ಹೋಗಿ ತನ್ನ ಗುರುವಿನ ಪರವಾಗಿ ಈ ಕಷ್ಟವನ್ನು ಅರಿಕೆಮಾಡಿಕೊಂಡಾಗ, ಗಡಿನಾಡುಗಳಲ್ಲಿ ವಿನಯವನ್ನು ಬಲ್ಲವನೊಬ್ಬನು ಸೇರಿ ೫ ಮಂದಿಯಿದ್ದರೆ ಸಾಕೆಂದು ಬುದ್ಧನು ಅಪ್ಪಣೆ ಕೊಟ್ಟನು. ಅಲ್ಲಿಯ ನೆಲ ದನಗಳ ಗೊರಸಿನಿಂದ ಒರಟಾದುದೆಂದು ಕೇಳಿ ಹಲವು ಪದರದ ಪಾದರಕ್ಷೆಗೂ ಅನುಮತಿಯಿತ್ತನು. ಈ ಕಥೆಯನ್ನು ನೆನೆದಾಗಲೆಲ್ಲ ನನಗೆ ಪಾವಗಡದ ಗಡಿಯ ಶಾಲೆಗಳು ಕಣ್ಣಮುಂದೆ ಬರುತ್ತವೆ. ಸಂಘವು ಅತ್ಯವಶ್ಯವೆಂಬ ತತ್ತ್ವವನ್ನು ಬಿಡದೆ, ಅದರ ಆಕಾರವನ್ನು ಮಾತ್ರ ದೂರಕ್ಕೂ ನೆಲಕ್ಕೂ ತಕ್ಕಂತೆ ಮಾರ್ಪಡಿಸುವ ಧೈರ್ಯ ಅಲ್ಲಿ ಕಾಣುತ್ತದೆ. ದೂರವಾಣಿಯ ಸಂಗವನ್ನು ವಿಚಾರಿಸುವವರಿಗೆ ಇದಕ್ಕಿಂತ ಉತ್ತಮವಾದ ಪೂರ್ವನಿದರ್ಶನ ದೊರೆಯಲಾರದು.

ಕರ್ನಾಟಕದ ಪ್ರೌಢಶಾಲಾ ಉಪಾಧ್ಯಾಯರಲ್ಲಿ ಇಂತಹ ಸಂಗವನ್ನು ಕಟ್ಟುವ ವ್ಯವಸ್ಥಿತ ಪ್ರಯತ್ನವು ೨೦೧೧ರ ಸುಮಾರಿಗೆ ಆರಂಭವಾಯಿತು. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಬೆಂಗಳೂರಿನ ಐಟಿ ಫಾರ್ ಚೇಂಜ್ ಎಂಬ ಸಂಸ್ಥೆ, ಇವು ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಉಪಾಧ್ಯಾಯರು ಕಂಪ್ಯೂಟರಿನ ಬಳಕೆಯನ್ನು ಕಲಿತು, ಇಮೇಲಿನ ಗುಂಪುಗಳಲ್ಲಿ ಪರಸ್ಪರ ಪ್ರಶ್ನೆ ಕೇಳಿ ಉತ್ತರ ಕೊಡತೊಡಗಿದರು. ಜಿಯೋಜೀಬ್ರವೆಂಬ ಗಣಿತದ ತಂತ್ರಾಂಶದಲ್ಲಿ ಒಬ್ಬರು ಎಳೆದ ಆಕೃತಿಯನ್ನು ಮತ್ತೊಂದು ಜಿಲ್ಲೆಯವರು ತಿದ್ದಿ ಬೆಳೆಸುವುದು ಸಾಧ್ಯವಾಯಿತು. ಆಮೇಲೆ ವಾಟ್ಸ್ಆಪ್ ಬಂದಿತು. ೨೦೨೦ರ ಮಾರ್ಚಿಯಲ್ಲಿ ಕೊರೋನದ ನಿಮಿತ್ತ ಶಾಲೆಗಳು ಮುಚ್ಚಿ, ಚಂದನ ವಾಹಿನಿಯಲ್ಲಿ ಸೇತುಬಂಧದ ಪಾಠಗಳೂ ಊರಿನ ಜಗುಲಿ ಮರದಡಿಗಳಲ್ಲಿ ವಿದ್ಯಾಗಮವೂ ನಡೆದ ಆ ದಿನಗಳಲ್ಲಿ, ಎಲ್ಲಿ ಯಾವ ಮಗುವಿಗೆ ಫೋನಿಲ್ಲ, ಯಾವ ಹಟ್ಟಿಗೆ ಸಿಗ್ನಲ್ಲಿಲ್ಲ, ಅಭ್ಯಾಸದ ಹಾಳೆಯನ್ನು ಹೇಗೆ ಮುಟ್ಟಿಸುವುದು, ಎಂಬುದನ್ನು ಉಪಾಧ್ಯಾಯರು ಒಬ್ಬರಿಂದೊಬ್ಬರು ತಿಳಿದುಕೊಂಡುದು ಬಹುಮಟ್ಟಿಗೆ ಈ ಗುಂಪುಗಳಿಂದಲೇ.

ಈ ಸೀಮೆಯ ಹಳೆಯ ಕೆರೆಗಳು ಸರಣಿಯಾಗಿ ಕಟ್ಟಿದವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಕೆಳಗಿನದು ತುಂಬಿದರೆ ಅದರಾಚೆಯದಕ್ಕೆ. ಯಾವ ಕೆರೆಯೂ ತನ್ನ ಪಾತ್ರಕ್ಕೆ ಮೀರಿ ಹೊರಬೇಕಾಗಿಲ್ಲ, ಹೊತ್ತರೆ ಏರಿಯೊಡೆಯುತ್ತದೆ. ಒಳ್ಳೆಯ ಗುಂಪಿನಲ್ಲಿ ಆಗುವುದು ಇದೇ. ಶಿರಾದ ಸಂಚಾಲಕರಿಗೆ ಬಂದ ಪ್ರಶ್ನೆಗೆ ಕೊರಟಗೆರೆಯ ಒಬ್ಬ ಮೇಡಂ ಉತ್ತರಿಸುತ್ತಾರೆ. ಮಧುಗಿರಿಯಲ್ಲಿ ಸಿದ್ಧವಾದ ಪುನರಾವರ್ತನೆಯ ಹಾಳೆಯನ್ನು ಪಾವಗಡದವರು ತೆಲುಗು ಮನೆಮಾತಿನ ಮಕ್ಕಳಿಗೆ ಹೊಂದುವಂತೆ ಸರಳಗೊಳಿಸಿ ಮರಳಿ ಕೊಡುತ್ತಾರೆ. ಮುಂದಾಳಿಗೆ ದೊರೆತ ಆಸರೆಯೆಂದರೆ ಇದೇ: ತಾನು ಮಾಡಬೇಕಾಗಿದ್ದ ಕೆಲಸದಲ್ಲಿ ಒಂದು ಭಾಗವನ್ನು, ತಾನು ಕೇಳುವ ಮೊದಲೇ, ಇನ್ನೊಬ್ಬರು ಮಾಡಿ ಮುಗಿಸಿರುವುದು. ನೂರು ಮಂದಿ ಹಾಕುವ ಚಪ್ಪಾಳೆಯ ಚಿಹ್ನೆಗಳಲ್ಲಿ ಈ ಆಸರೆಯಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಮುಖವನ್ನು ಕಾಣದೆ, ದನಿಯನ್ನು ಕೇಳದೆ, ಒಂದು ಪಂಕ್ತಿಯಲ್ಲಿ ಕುಳಿತು ಉಣ್ಣದೆ ಇರುವ ಒಡನಾಟವು ಸತ್ಸಂಗವೆನ್ನಿಸಿಕೊಳ್ಳಬಲ್ಲುದೆ? ಶರಣರು ಕಲ್ಯಾಣಕ್ಕೆ ನಡೆದು ಬಂದರು. ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನೂ ಸೌರಾಷ್ಟ್ರದಿಂದ ಆದಯ್ಯನೂ ಬಂದರೆಂದು ಪರಂಪರೆ ಹೇಳುತ್ತದೆ, ಅವರು ಓಲೆಯನ್ನು ಕಳುಹಿಸಿ ತೃಪ್ತರಾಗಲಿಲ್ಲ. ಶಿರಾದಲ್ಲಿ ಮೊಗಲರ ಸುಬೆಯ ಕಾಲದ ಕಲ್ಲಿನ ಜುಮ್ಮಾ ಮಸೀದಿಯಿದೆ. ಒಬ್ಬನೇ ಮಾಡಿದ ನಮಾಜಿಗಿಂತ ಜಮಾತಿನಲ್ಲಿ ಮಾಡಿದ ನಮಾಜು ೨೭ ಪಟ್ಟು ಮಿಗಿಲೆಂದು ಹದೀಸಿನ ವಚನವಿದೆಯೆಂಬುದನ್ನು ಅಲ್ಲಿಯ ಹಿರಿಯರು ಬಲ್ಲರು, ಮತ್ತು ಆ ಜಮಾತು ಭುಜಕ್ಕೆ ಭುಜ ತಾಗಿ ನಿಲ್ಲುವ ಜಮಾತು. ಸಂತ ಪೌಲನು ದೂರದೂರದ ಸಭೆಗಳನ್ನು ಪತ್ರಗಳಿಂದಲೇ ಪೋಷಿಸಿದನಾದರೂ, ರೋಮಿನವರಿಗೆ ಬರೆಯುತ್ತ, ನಿಮ್ಮನ್ನು ಕಣ್ಣಾರೆ ಕಂಡು ನಿಮ್ಮ ವಿಶ್ವಾಸದಿಂದ ನಾನೂ ನನ್ನ ವಿಶ್ವಾಸದಿಂದ ನೀವೂ ಧೈರ್ಯಗೊಳ್ಳಬೇಕೆಂಬ ಹಂಬಲವನ್ನು ತೋಡಿಕೊಂಡನು. ದೂರವು ಸ್ನೇಹವನ್ನು ಕಡಿಯುವುದಿಲ್ಲ, ಅದರ ಕ್ರಿಯೆಯನ್ನು ನಿಲ್ಲಿಸುತ್ತದೆ. ಆದರೆ ಅಗಲಿಕೆ ದೀರ್ಘವಾದರೆ ಸ್ನೇಹವೇ ಮರೆತುಹೋಗುತ್ತದೆ ಎಂಬುದು ಅರಿಸ್ಟಾಟಲನ ಅಭಿಪ್ರಾಯ.

ಈ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ಒಪ್ಪಿಕೊಂಡೇ ನಾನು ಮುಂದುವರಿಯುತ್ತೇನೆ. ಶರೀರದ ಸಾನ್ನಿಧ್ಯಕ್ಕೆ ಸಮನಾದುದು ಇನ್ನೊಂದಿಲ್ಲ. ಆದರೆ ಪಾವಗಡದ ಗಡಿಯೂರಿನಲ್ಲಿರುವವರ ಮುಂದಿರುವ ಆಯ್ಕೆ ಸಾನ್ನಿಧ್ಯ ಮತ್ತು ದೂರದ ಸಂಗ, ಇವೆರಡರ ನಡುವಣದಲ್ಲ. ದೂರದ ಸಂಗ ಮತ್ತು ಏಕಾಂತ, ಇವುಗಳ ನಡುವಣದು. ಏಕಾಂತದಲ್ಲಿ ವಿದ್ಯೆ ಸಾಧಿಸಿದವರ ಕಥೆಯೊಂದು ಮಹಾಭಾರತದಲ್ಲಿದೆ. ಏಕಲವ್ಯನಿಗೆ ಗುರುವಿನ ಮೂರ್ತಿಯಿದ್ದಿತು, ಅದ್ಭುತವಾದ ಶ್ರದ್ಧೆಯಿದ್ದಿತು, ಕೊನೆಗೆ ಅರ್ಜುನನೇ ಕರುಬುವಷ್ಟು ಕೌಶಲವೂ ಬಂದಿತು. ಅವನಿಗೆ ಇಲ್ಲದಿದ್ದುದು ಸಹಾಧ್ಯಾಯಿಗಳು. ಅವನ ಬೆರಳನ್ನು ಕೇಳಿದ ಗಳಿಗೆಯಲ್ಲಿ ಇದು ನ್ಯಾಯವೆ ಎಂದು ಕೇಳಬಲ್ಲ ಒಬ್ಬ ಜೊತೆಗಾರನೂ ಆ ಕಾಡಿನಲ್ಲಿರಲಿಲ್ಲ. ಅವನ ಗುರುಭಕ್ತಿಯನ್ನು ನಾವು ಇಷ್ಟು ಶತಮಾನಗಳಿಂದ ಕೊಂಡಾಡಿದ್ದೇವೆ. ಅವನ ಒಂಟಿತನವನ್ನು ಕುರಿತು ಮರುಗಿದುದು ಕಡಮೆ. ನಿಸ್ವಾರ್ಥನಾದವನು ಒಂಟಿಯಾಗಿದ್ದರೆ ಅವನಿಂದ ಏನನ್ನಾದರೂ ಕೇಳಬಹುದು, ಅವನು ಕೊಟ್ಟೂ ಬಿಡುತ್ತಾನೆ. ತಾಲ್ಲೂಕುಗಳಲ್ಲಿ ದುಡಿಯುವ ಸಂಚಾಲಕರಲ್ಲಿ ಎಷ್ಟೋ ಮಂದಿ ತಮ್ಮ ಆರೋಗ್ಯವನ್ನೂ ಮನೆಯ ಸಂಜೆಗಳನ್ನೂ ಹೀಗೆಯೇ ಕತ್ತರಿಸಿ ಕೊಟ್ಟವರು. ಆಗ ಇಷ್ಟು ಸಾಕು, ನಾಳೆಯ ಸಭೆಯನ್ನು ನಾವು ನೋಡಿಕೊಳ್ಳುತ್ತೇವೆ, ನೀವು ಮಲಗಿಕೊಳ್ಳಿ ಸಾರ್, ಎಂದು ರಾತ್ರಿ ಹತ್ತು ಗಂಟೆಗೆ ದೂರದ ಊರಿನಿಂದ ಬಂದ ಎರಡು ಸಾಲಿನ ಸಂದೇಶವನ್ನು ಸತ್ಸಂಗವಲ್ಲವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಗುಂಪುಗಳೆಲ್ಲವೂ ಸಂಗಗಳೆಂದು ಹೇಳತಕ್ಕುದಲ್ಲ. ಬೆಳಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಎಲ್ಲಿಂದಲೋ ಬಂದ ಸುಳ್ಳುಸುದ್ದಿ, ಸಂಜೆ ಹುಟ್ಟುಹಬ್ಬದ ಹಾರೈಕೆ, ಇವುಗಳ ಅಡಿಯಲ್ಲಿ ಒಬ್ಬ ಹೊಸ ಉಪಾಧ್ಯಾಯಿನಿ ಅಂಜುತ್ತ ಕೇಳಿದ ಪ್ರಶ್ನೆ ಹೂತುಹೋಗುವುದನ್ನು ಕಂಡವರು ಅನೇಕರಿದ್ದಾರೆ. ಅದಕ್ಕಿಂತ ದಾರುಣವಾದುದು, ಪ್ರಶ್ನೆಯನ್ನು ಎಲ್ಲರೂ ಓದಿದರೆಂಬ ನೀಲಿಯ ಗುರುತು ಬಿದ್ದಿದ್ದು, ಉತ್ತರ ಮಾತ್ರ ಯಾರಿಂದಲೂ ಬಾರದಿರುವುದು. ಹಿಂದೆ ಉತ್ತರ ಬಾರದಿದ್ದರೆ ಕಾಗದ ತಲುಪಿಲ್ಲವೆಂದು ಸಮಾಧಾನ ತಂದುಕೊಳ್ಳಬಹುದಾಗಿತ್ತು. ಈಗ ಆ ಸಮಾಧಾನಕ್ಕೂ ಎಡೆಯಿಲ್ಲ. ವಾಟ್ಸ್ಆಪಿನವರು ೨೦೨೨ರಲ್ಲಿ ಒಂದು ಗುಂಪಿನ ಮಿತಿಯನ್ನು ೨೫೬ರಿಂದ ಹೆಚ್ಚಿಸುತ್ತ ೧,೦೨೪ಕ್ಕೆ ಏರಿಸಿದರು. ಸಾವಿರ ಮಂದಿಯ ನಡುವೆ ಪ್ರತಿಯೊಬ್ಬನೂ ಇನ್ನೊಬ್ಬರು ಉತ್ತರಿಸಿಯಾರೆಂದು ಸುಮ್ಮನಿರುವುದು ಮನುಷ್ಯಸ್ವಭಾವ. ಗಡಿನಾಡಿಗೆ ಐದೇ ಮಂದಿ ಸಾಕೆಂದ ಆ ಅಪ್ಪಣೆಯ ಸೂಕ್ಷ್ಮತೆ ಇಲ್ಲಿ ಅರಿವಿಗೆ ಬರುತ್ತದೆ.

ಇನ್ನೊಂದು ಅಪಾಯವು ಅಂತರಂಗದ್ದು. ಮೆಚ್ಚುಗೆಯ ಚಿಹ್ನೆಗಳನ್ನು ಎಣಿಸುವ ಅಭ್ಯಾಸವು ಒಮ್ಮೆ ಹತ್ತಿದರೆ, ನಿಷ್ಕಾಮವಾಗಿ ಆರಂಭವಾದ ಸೇವೆಯು ತನಗೇ ತಿಳಿಯದಂತೆ ಕೀರ್ತಿಕಾಮವಾಗಿ ಮಾರ್ಪಡುತ್ತದೆ. ಸಭೆಯಲ್ಲಿ ಏನು ನಡೆಯಿತೆಂಬುದಕ್ಕಿಂತ ಸಭೆಯ ಫೋಟೋ ಎಷ್ಟು ಬೇಗ ಗುಂಪಿಗೆ ಬಿದ್ದಿತೆಂಬುದು ಮುಖ್ಯವಾಗುತ್ತದೆ. ದಾಸೋಹದ ತತ್ತ್ವದಲ್ಲಿ ಕೊಡುವವನು ತಾನು ಕೊಡುತ್ತಿದ್ದೇನೆಂಬ ಭಾವವನ್ನೇ ಕಳೆದುಕೊಳ್ಳಬೇಕೆಂದು ಶರಣರು ಒತ್ತಿ ಹೇಳಿದುದು ಈ ಇಳಿಜಾರನ್ನು ಬಲ್ಲುದರಿಂದಲೇ ಇರಬೇಕು. ಬಳಲಿದವನಿಗೆ ಒಂದು ಒಳ್ಳೆಯ ಮಾತು ಸಂಜೀವಿನಿಯೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಹೊಗಳಿಕೆ ಅವನನ್ನು ಇನ್ನಷ್ಟು ಒಂಟಿಯಾಗಿಸುವುದೂ ಉಂಟು: ನಿಮ್ಮಂಥವರು ಇನ್ನೊಬ್ಬರಿಲ್ಲ ಎಂಬ ಮಾತಿನಲ್ಲಿ, ಆದುದರಿಂದ ಇದನ್ನೂ ನೀವೇ ಮಾಡಿ, ಎಂಬ ಧ್ವನಿ ಸೇರಿಕೊಂಡಿರುತ್ತದೆ.

ಮೂರನೆಯದು ಹೊರಗಿನಿಂದ ಬರತಕ್ಕುದು. ಉಪಾಧ್ಯಾಯರು ತಮ್ಮ ತಮ್ಮೊಳಗೆ ಕಟ್ಟಿಕೊಂಡ ಗುಂಪಿನೊಳಕ್ಕೆ ಮೇಲಿನವರ ಸುತ್ತೋಲೆಗಳೂ, ಇಂದೇ ಸಂಜೆಯೊಳಗಾಗಿ ಅಂಕಿಅಂಶ ಸಲ್ಲಿಸತಕ್ಕದ್ದೆಂಬ ತಾಕೀತುಗಳೂ ಪ್ರವೇಶಿಸಿದರೆ, ಅಲ್ಲಿಂದ ಮುಂದೆ ಅದು ಕಚೇರಿ. ಸಂಚಾಲಕನು ಅಲ್ಲಿ ಗೆಳೆಯನಾಗಿ ಉಳಿಯಲಾರ, ಗುಮಾಸ್ತನಾಗುತ್ತಾನೆ. ಆಜ್ಞೆಗೂ ಆಮಂತ್ರಣಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂಬುದಕ್ಕೆ ನಲಿಕಲಿಯ ಚರಿತ್ರೆಯನ್ನು ನೆನೆಯಬಹುದು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಉಪಾಧ್ಯಾಯರು ಋಷಿವ್ಯಾಲಿಯ ಶಾಲೆಗಳನ್ನು ಕಂಡುಬಂದು, ತಾವೇ ಕಾರ್ಡುಗಳನ್ನು ಬರೆದು, ಹಾಡು ಕಟ್ಟಿ, ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಿ ತಿದ್ದುತ್ತ ಆ ಪದ್ಧತಿಯನ್ನು ರೂಪಿಸಿದರು; ಆಗ ಅವರ ಬಳಿ ಮೊಬೈಲು ಇರಲಿಲ್ಲ, ಪರಸ್ಪರ ಆಸಕ್ತಿ ಇದ್ದಿತು. ಮುಂದೆ ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಕಾರ್ಯಕ್ರಮವಾಗಿ ಹರಡಿದಾಗ ಕಾರ್ಡುಗಳು ಎಲ್ಲೆಡೆಗೂ ತಲುಪಿದುವು. ಆ ಮೊದಲಿನವರು ಒಬ್ಬರೊಬ್ಬರಿಗೆ ಕೊಟ್ಟುಕೊಂಡ ಧೈರ್ಯವನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವುದು ಯಾವ ಇಲಾಖೆಗೂ ಸಾಧ್ಯವಿರಲಿಲ್ಲ.

ಆದುದರಿಂದ ಗುಂಪನ್ನು ಕಟ್ಟುವವರು ಕೆಲವು ನಿಯಮಗಳನ್ನು ವ್ರತದಂತೆಯೇ ಪಾಲಿಸಬೇಕೆಂದು ತೋರುತ್ತದೆ. ದೊಡ್ಡ ಗುಂಪು ಸುದ್ದಿಗಾಗಿ ಇರಲಿ. ಅದರೊಳಗೆ ಐದಾರು ಶಾಲೆಗಳ, ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲವರ ಚಿಕ್ಕ ಬಳಗಗಳಿರಬೇಕು. ಕೇಳಿದ ಪ್ರಶ್ನೆ ಉತ್ತರವಿಲ್ಲದೆ ರಾತ್ರಿಯನ್ನು ಕಳೆಯದಂತೆ ನೋಡಿಕೊಳ್ಳುವ ಹೊಣೆ ವಾರಕ್ಕೊಬ್ಬರಂತೆ ಸರದಿಯಲ್ಲಿ ಎಲ್ಲರಿಗೂ ಬರಬೇಕು. ಹಾಗೆ ಬಂದಾಗಲೇ ಮುಂದಾಳಿನ ಹೊರೆಯ ತೂಕ ಇತರರಿಗೂ ತಿಳಿಯುವುದು. ತಿಂಗಳಿಗಲ್ಲದಿದ್ದರೆ ಎರಡು ತಿಂಗಳಿಗಾದರೂ ಒಮ್ಮೆ ಮುಖತಃ ಕೂಡಬೇಕು, ಒಟ್ಟಿಗೆ ಊಟ ಮಾಡಬೇಕು. ಹೊರಟ ಬಸ್ಸು ಆಂಧ್ರದ ಮಡಕಶಿರದ ಮೇಲೆಯೇ ಸುತ್ತಿಬರಬೇಕಾದರೂ ಚಿಂತೆಯಿಲ್ಲ.

ಇವೆಲ್ಲಕ್ಕಿಂತ ಕಠಿನವಾದುದು ಸಂಚಾಲಕನೇ ತನಗೆ ವಿಧಿಸಿಕೊಳ್ಳಬೇಕಾದ ನಿಯಮ. ಉಪಾಧ್ಯಾಯವೃತ್ತಿಯಲ್ಲಿ ವರ್ಗಾವಣೆ ತಪ್ಪಿದುದಲ್ಲ. ವರ್ಷಗಟ್ಟಲೆ ಪಾವಗಡದಲ್ಲಿ ದುಡಿದು ವೇದಿಕೆಯನ್ನು ಕಟ್ಟಿದವರೊಬ್ಬರು ಕೋರಿಕೆಯ ಮೇಲೆ ತುಮಕೂರಿನ ಕಡೆಗೋ ಸ್ವಂತ ಊರಿಗೋ ಹೋಗುತ್ತಾರೆ. ಹಿಂದೆ ಹಾಗೆ ಹೋದವರ ಸಂಬಂಧವು ಬೀಳ್ಕೊಡುಗೆಯ ದಿನಕ್ಕೆ ಮುಗಿಯುತ್ತಿತ್ತು, ಅವರೊಡನೆ ಅವರು ಕಟ್ಟಿದುದೂ ಎಷ್ಟೋ ವೇಳೆ ಬಿದ್ದುಹೋಗುತ್ತಿತ್ತು. ಈಗ ಅವರು ಎಲ್ಲಿಗೆ ಹೋದರೂ ಗುಂಪಿನಲ್ಲಿ ಉಳಿಯಬಲ್ಲರು. ಉಳಿದು, ಮೊದಲಿನಂತೆ ಎಲ್ಲದಕ್ಕೂ ತಾವೇ ಮೊದಲು ಉತ್ತರ ಕೊಡುತ್ತಿದ್ದರೆ ಹೊಸಬರು ತಲೆಯೆತ್ತುವುದಿಲ್ಲ. ಒಮ್ಮೆಗೇ ಹೊರಬಿದ್ದರೆ ಅವರ ಅನುಭವವು ಆ ಸೀಮೆಗೆ ನಷ್ಟ. ನಮ್ಮ ಆಶ್ರಮಧರ್ಮದಲ್ಲಿ ಗಾರ್ಹಸ್ಥ್ಯಕ್ಕೂ ಸಂನ್ಯಾಸಕ್ಕೂ ನಡುವೆ ವಾನಪ್ರಸ್ಥವೆಂಬ ಒಂದು ಅವಸ್ಥೆಯನ್ನು ಇಟ್ಟವರು ಈ ಸಂಕಟವನ್ನು ಬಲ್ಲವರಾಗಿದ್ದರು: ಊರಿನ ಅಂಚಿನಲ್ಲಿರುವುದು, ಕರೆದರೆ ಕೇಳಿಸುವಷ್ಟು ಹತ್ತಿರ, ಕರೆಯದೆ ಮಾತಾಡದಷ್ಟು ದೂರ. ಅಡ್ಮಿನ್ ಎಂಬ ಅಧಿಕಾರವನ್ನು ಅಲ್ಲಿಯೇ ದುಡಿಯುವ ಕಿರಿಯರೊಬ್ಬರಿಗೆ ಒಪ್ಪಿಸಿ, ಗುಂಪಿನಲ್ಲಿ ಸಾಮಾನ್ಯ ಸದಸ್ಯರಾಗಿ ನಿಂತು, ಉತ್ತರ ಗೊತ್ತಿದ್ದರೂ ಅರ್ಧ ದಿನ ತಾಳಿ ನೋಡುವುದನ್ನು ಅವರು ಅಭ್ಯಾಸಮಾಡಬೇಕು. ಆ ಅರ್ಧ ದಿನದೊಳಗೆ ಮಿಡಿಗೇಶಿಯಿಂದಲೋ ತಿರುಮಣಿಯಿಂದಲೋ ಯಾರಾದರೂ, ತಪ್ಪೋ ಸರಿಯೋ, ಉತ್ತರವನ್ನು ಬರೆಯತೊಡಗಿದರೆ, ಅವರನ್ನು ತಿದ್ದುವುದಕ್ಕೂ ಆತುರಪಡಬಾರದು.